ಇಬ್ಬರ ಕರಾರು, ಮೂರನೆಯವನ ನೆಲ

ಇಬ್ಬರು ಕೂಡಿ ಮೂರನೆಯವನ ಗದ್ದೆಯ ಬಗೆಗೆ ಕರಾರು ಬರೆದುಕೊಂಡರೆ ನಮ್ಮ ಹಳ್ಳಿಯ ಪಂಚರು ಸಹ ಅದನ್ನು ಒಪ್ಪುವದಿಲ್ಲ. ಗದ್ದೆಯ ಒಡೆಯನ ರುಜು ಎಲ್ಲಿದೆಯೆಂದು ಮೊದಲು ಕೇಳುವರು. ಅದಿಲ್ಲದಿದ್ದರೆ ಕಾಗದವನ್ನು ಮಡಿಚಿ ಹಿಂದಕ್ಕೆ ಕೊಡುವರು. ಇಷ್ಟು ಸರಳವಾದ ನ್ಯಾಯವು ರಾಷ್ಟ್ರ ರಾಷ್ಟ್ರಗಳ ವ್ಯವಹಾರಕ್ಕೆ ಬಂದಕೂಡಲೆ ಮಾಯವಾಗುವದೇಕೆ? ಅಲ್ಲಿ ನೆಲದ ಒಡೆಯನು ದುರ್ಬಲನಾಗಿದ್ದರೆ ಅವನ ರುಜುವಿನ ಅವಶ್ಯಕತೆಯೇ ಯಾರಿಗೂ ತೋರುವದಿಲ್ಲ. ಅಷ್ಟೇ ಅಲ್ಲ, ಅವನ ಮನೆಯನ್ನು ಹಂಚಿಕೊಳ್ಳುವ ಪತ್ರದಲ್ಲಿಯೇ ಅವನ ಸ್ವಾತಂತ್ರ್ಯವನ್ನು ಕಾಪಾಡುವ ಪ್ರತಿಜ್ಞೆಯನ್ನೂ ಬರೆದಿರುತ್ತಾರೆ. ಹೀಗೆ ಹಂಚಿಕೆಗೆ ಒಳಗಾದವನು ಮಾಡತಕ್ಕದ್ದೇನು, ಅವನ ಬಾಯಿಮಾತಿಗೆ ಬೆಲೆಯುಂಟೋ ಇಲ್ಲವೋ ಎಂಬ ಪ್ರಶ್ನೆಯನ್ನು ಇಂದು ನಮ್ಮ ವಾಚಕರ ಮುಂದೆ ಇಡಬೇಕೆಂದಿದ್ದೇವೆ.

ಈ ವಿಷಯದಲ್ಲಿ ಚೀನ ದೇಶದ ಅನುಭವವು ವಿಚಾರಾರ್ಹವಾಗಿದೆ. ೧೯೦೨ರ ಜನವರಿಯಲ್ಲಿ ಇಂಗ್ಲಂಡ ಜಪಾನಗಳು ಮೈತ್ರಿಯ ಒಪ್ಪಂದವನ್ನು ಮಾಡಿಕೊಂಡು, ಅದರಲ್ಲಿ ಚೀನದ ಸ್ವಾತಂತ್ರ್ಯವನ್ನೂ ಅಖಂಡತೆಯನ್ನೂ ಎತ್ತಿ ಹಿಡಿದವು. ಚೀನವನ್ನು ಮಾತ್ರ ಕೇಳಲಿಲ್ಲ. ಮುಂದೆ ರಶಿಯಾ ಜಪಾನಗಳು ಪರಸ್ಪರ ಯುದ್ಧ ಮಾಡಿದ್ದು ಚೀನದ ಮಂಚೂರಿಯಾದ ನೆಲದ ಮೇಲೆ; ಸಂಧಿ ಮಾಡಿಕೊಂಡದ್ದು ಅಮೇರಿಕೆಯ ಪೋರ್ಟ್ಸ್‌ಮತ್ತಿನಲ್ಲಿ; ಹಂಚಿಕೊಂಡದ್ದು ಚೀನದ ರೈಲುಹಾದಿ ಮತ್ತು ಬಂದರುಗಳನ್ನು. ೧೯೦೭ನೆಯ ಒಂದೇ ವರ್ಷದಲ್ಲಿ ಜೂನ್ ತಿಂಗಳಲ್ಲಿ ಫ್ರಾನ್ಸ ಮತ್ತು ಜಪಾನ, ಜುಲೈಯಲ್ಲಿ ರಶಿಯಾ ಮತ್ತು ಜಪಾನ, ಆಗಸ್ಟಿನಲ್ಲಿ ಇಂಗ್ಲಂಡ ಮತ್ತು ರಶಿಯಾ ಹೀಗೆ ಮೂರು ಒಪ್ಪಂದಗಳು ಹೊರಟವು. ಮೂರರಲ್ಲಿಯೂ ಚೀನದ ಅಥವಾ ಚೀನವು ತನ್ನದೆಂದು ಹೇಳುತ್ತಿದ್ದ ನೆಲದ ಮಾತಿದ್ದಿತು. ಒಂದರಲ್ಲಿಯೂ ಚೀನದ ರುಜುವಿರಲಿಲ್ಲ.

ಆಗ ಪೀಕಿಂಗಿನ ದರಬಾರಿನ ಸ್ಥಿತಿ ಹೇಗಿದ್ದಿತೆಂಬುದನ್ನು ನೆನೆಯಬೇಕು. ೧೯೦೦ರಲ್ಲಿ ಪರಕೀಯ ಸೈನ್ಯಗಳು ರಾಜಧಾನಿಯನ್ನೇ ಹೊಕ್ಕಿದ್ದವು. ಮರುವರ್ಷ ಹೇರಲ್ಪಟ್ಟ ದಂಡವು ೪೫ ಕೋಟಿ ಟೇಲ್ ಬೆಳ್ಳಿ. ಕತ್ತಿಯನ್ನು ಎತ್ತುವ ಶಕ್ತಿ ಆ ಸರಕಾರಕ್ಕೆ ಇರಲಿಲ್ಲ. ಆದರೂ ಲೇಖನಿಯನ್ನು ಅದು ಕೆಳಗಿಡಲಿಲ್ಲ. ೧೯೦೫ರ ಜುಲೈಯಲ್ಲಿ, ಪೋರ್ಟ್ಸ್‌ಮತ್ತಿನ ಮಾತುಕತೆ ಆರಂಭವಾಗುವದಕ್ಕಿಂತ ಮುಂಚೆಯೇ, ತನಗೆ ಸಂಬಂಧಪಟ್ಟ ಯಾವ ಏರ್ಪಾಡನ್ನಾದರೂ ತನ್ನನ್ನು ಕೇಳದೆ ಮಾಡಿದಲ್ಲಿ ತಾನದನ್ನು ಮಾನ್ಯಮಾಡುವದಿಲ್ಲವೆಂದು ಎರಡೂ ಪಕ್ಷಗಳಿಗೆ ತಿಳಿಸಿತು. ಸಂಧಿಪತ್ರದಲ್ಲಿ ಲಿಯಾವೊದುಂಗಿನ ಗೇಣಿಯ ಹಕ್ಕು ಚೀನದ ಸಮ್ಮತಿಯಿಂದಲೇ ಜಪಾನಕ್ಕೆ ಹೋಗತಕ್ಕದ್ದೆಂಬ ಮಾತು ಸೇರಿತು. ಆ ಸಮ್ಮತಿಯನ್ನು ಪಡೆಯಲು ಜಪಾನದ ಮುತ್ಸದ್ದಿಗಳು ಅದೇ ವರ್ಷದ ಡಿಸೆಂಬರದಲ್ಲಿ ಪೀಕಿಂಗಿಗೆ ಬಂದು ಬೇರೊಂದು ಒಪ್ಪಂದವನ್ನು ಬರೆಯಬೇಕಾಯಿತು. ೧೯೦೭ರ ಫ್ರೆಂಚ-ಜಪಾನೀ ಒಪ್ಪಂದವು ಪ್ರಕಟವಾದಾಗ, ಚೀನದೊಳಗಿನ ಶಾಂತಿಯನ್ನು ಕಾಯುವದು ಚೀನದ ಕೆಲಸವೇ ಹೊರತು ಅನ್ಯರದಲ್ಲವೆಂದು ಪೀಕಿಂಗು ಆಕ್ಷೇಪಿಸಿತು. ೧೯೧೦ರ ಜುಲೈಯಲ್ಲಿ ರಶಿಯಾ ಜಪಾನಗಳು ಮಂಚೂರಿಯಾದ ಬಗೆಗೆ ಮತ್ತೆ ಒಂದಾದಾಗ, ಮಂಚೂರಿಯಾದಲ್ಲಿ ಚೀನದ ಒಡೆತನವನ್ನು ಮನ್ನಿಸುವೆವೆಂದು ನೀವೇ ೧೯೦೫ರಲ್ಲಿ ಬರೆದುಕೊಟ್ಟಿದ್ದೀರಲ್ಲ, ಅದನ್ನು ನೆನಪಿನಲ್ಲಿಡಿರೆಂದು ಅವರ ಮಾತನ್ನೇ ಅವರಿಗೆ ತಿರುಗಿಸಿ ಹೇಳಿತು.

ಇದರಿಂದ ಆದುದೇನು ಎಂದು ವ್ಯವಹಾರಜ್ಞರು ಕೇಳಬಹುದು. ಕೂಡಲೆ ಆದುದು ಬಹಳವಿಲ್ಲ, ನಿಜ. ಮಂಚೂರಿಯಾದ ರೈಲುಹಾದಿಯ ಮೇಲೆ ಜಪಾನದ ಗಾಡಿಗಳೇ ಓಡಿದವು. ೧೯೦೮ರಲ್ಲಿ ಟಾಂಗ್ ಶಾವೋಯೀ ಎಂಬ ಚೀನೀ ಮುತ್ಸದ್ದಿಯು ಅಮೇರಿಕೆಯ ನೆರವನ್ನು ಬೇಡಲು ಸಮುದ್ರ ದಾಟಿ ಹೋದನು. ಅವನು ವಾಶಿಂಗ್ಟನ್ನಿಗೆ ತಲುಪುವ ಹೊತ್ತಿಗೆ ಅಮೇರಿಕೆಯು ಜಪಾನದೊಡನೆ ಒಪ್ಪಂದದ ಪತ್ರಗಳನ್ನು ವಿನಿಮಯ ಮಾಡಿಕೊಂಡಾಗಿದ್ದಿತು. ಬಲವಿಲ್ಲದ ಆಕ್ಷೇಪವು ಗೋಡೆಗೆ ಹೇಳಿದ ಮಾತೆಂದು ಅಂದು ಅನೇಕರು ನಕ್ಕಿರಬೇಕು.

ಆದರೆ ಮುಂದಿನ ಕಥೆಯನ್ನು ನೋಡಬೇಕು. ಸಾಮ್ರಾಜ್ಯವು ೧೯೧೨ರಲ್ಲಿ ಅಳಿದು ಪ್ರಜಾರಾಜ್ಯವು ಬಂದರೂ ಈ ರೂಢಿಯು ಅಳಿಯಲಿಲ್ಲ. ೧೯೧೭ರ ನವೆಂಬರದಲ್ಲಿ ಅಮೇರಿಕೆಯು ಚೀನದಲ್ಲಿ ಜಪಾನಕ್ಕೆ ವಿಶೇಷ ಹಿತಸಂಬಂಧವುಂಟೆಂದು ಬರೆದುಕೊಟ್ಟಾಗ, ಬೇರೆಯವರು ತಮ್ಮ ತಮ್ಮೊಳಗೆ ಮಾಡಿಕೊಂಡ ಕರಾರಿಗೆ ತಾನು ಕಟ್ಟುಬೀಳುವದಿಲ್ಲವೆಂದು ಚೀನವು ಕೆಲವೇ ದಿನಗಳಲ್ಲಿ ಉತ್ತರಿಸಿತು. ಶಾಂಟುಂಗ್ ಪ್ರಾಂತದಲ್ಲಿದ್ದ ಜರ್ಮನಿಯ ಹಕ್ಕುಗಳನ್ನು ಜಪಾನಕ್ಕೆ ಕೊಡಿಸುವೆವೆಂದು ಇಂಗ್ಲಂಡ ಫ್ರಾನ್ಸಗಳು ೧೯೧೭ರಲ್ಲಿಯೇ ಗುಟ್ಟಾಗಿ ಮಾತುಕೊಟ್ಟಿದ್ದವು. ವರ್ಸೇಲ್ಸಿನ ಸಂಧಿಯಲ್ಲಿ ಆ ಮಾತು ನಡೆಯಿತು. ಆಗ ಪೀಕಿಂಗಿನ ವಿದ್ಯಾರ್ಥಿಗಳು ಬೀದಿಗಿಳಿದರು. ೧೯೧೯ರ ಜೂನ್ ೨೮ರಂದು ಜರ್ಮನಿಯೊಡನೆ ಸಂಧಿಗೆ ರುಜು ಹಾಕುವ ಸಭೆಗೆ ಚೀನದ ಪ್ರತಿನಿಧಿಗಳು ಹೋಗಲೇ ಇಲ್ಲ. ಮೂರು ವರ್ಷ ತುಂಬುವದರೊಳಗೆ, ೧೯೨೨ರ ಫೆಬ್ರುವರಿಯಲ್ಲಿ, ವಾಶಿಂಗ್ಟನ್ನಿನಲ್ಲಿ ಅದೇ ಶಾಂಟುಂಗನ್ನು ಜಪಾನವು ಹಿಂದಕ್ಕೆ ಕೊಡಲು ಒಪ್ಪಿತು. ಅಂದು ವರ್ಸೇಲ್ಸಿನಲ್ಲಿ ಹಾಕದೆ ಉಳಿದ ರುಜುವೇ ವಾಶಿಂಗ್ಟನ್ನಿನಲ್ಲಿ ಮಾತಾಡಲು ಚೀನಕ್ಕೆ ಬಾಯನ್ನು ಉಳಿಸಿದ್ದಿತು. ಇದಕ್ಕೆ ತದ್ವಿರುದ್ಧವಾದ ಪಾಠವೂ ಆ ಪ್ರಕರಣದಲ್ಲಿಯೇ ಇದೆ. ೧೯೧೮ರಲ್ಲಿ ಜಪಾನದಿಂದ ಸಾಲ ಪಡೆಯುವ ಗಡಿಬಿಡಿಯಲ್ಲಿ ಚೀನದ ರಾಯಭಾರಿಯು ಶಾಂಟುಂಗಿನ ವ್ಯವಸ್ಥೆಗೆ ಸಂತೋಷದಿಂದ ಸಮ್ಮತಿಸುವೆವೆಂದು ಬರೆದುಕೊಟ್ಟಿದ್ದನು. ವರ್ಸೇಲ್ಸಿನಲ್ಲಿ ಚೀನದ ವಾದವನ್ನು ಕುಂದಿಸಲು ವಿರೋಧಿಗಳು ಮುಂದೆ ಹಿಡಿದುದು ಆ ಕಾಗದವನ್ನೇ. ಪರರ ಹತ್ತು ಕರಾರುಗಳಿಂದ ಆಗದ ಹಾನಿಯು ತನ್ನದೊಂದು ರುಜುವಿನಿಂದ ಆಗುವದು.

ದೂರದ ಪೀಕಿಂಗಿನ ಕಥೆ ಶಿರಸಿಯ ಪೇಟೆಗೇಕೆ, ಸಿದ್ದಾಪುರ ಯಲ್ಲಾಪುರಗಳ ಅಡಕೆ ತೋಟಿಗರಿಗೇಕೆ ಎಂದು ಕೇಳುವವರುಂಟು. ಅವರಿಗೆ ನಮ್ಮ ಉತ್ತರವಿದು: ಇಬ್ಬರು ಕುಳಿತು ಹಂಚಿಕೊಂಡ ಮೂರನೆಯವನ ನೆಲದ ಮೇಲೆಯೇ ನಾವು ಇಂದು ನಿಂತಿದ್ದೇವೆ. ೧೭೯೯ರ ಮೇ ೪ರಂದು ಶ್ರೀರಂಗಪಟ್ಟಣವು ಬಿದ್ದು ಟೀಪುವು ಮಡಿದ ಮೇಲೆ, ಜೂನ್ ೨೨ರಂದು ಇಂಗ್ಲೀಷ ಕುಂಪಣಿಯೂ ಹೈದರಾಬಾದಿನ ನಿಜಾಮನೂ ಕೂಡಿ ಮೈಸೂರಿನ ವಿಭಾಗಪತ್ರವನ್ನು ಬರೆದುಕೊಂಡರು. ಆ ಪತ್ರದಲ್ಲಿ ಕರಾವಳಿಯ ಕನ್ನಡ ಜಿಲ್ಲೆಯು ಕುಂಪಣಿಯ ಪಾಲಿಗೆ ಹೋಯಿತು. ಘಟ್ಟದ ಮೇಲಿನ ಸೋದೆಯ ಸೀಮೆಯನ್ನು, ಅಂದರೆ ನಮ್ಮ ಶಿರಸಿ ಯಲ್ಲಾಪುರಗಳ ಮಲೆನಾಡನ್ನು, ಹರಪನಹಳ್ಳಿ ಆನೆಗೊಂದಿ ಮೊದಲಾದವುಗಳೊಡನೆ ಕಟ್ಟಿ ಪುಣೆಯ ಪೇಶವೆಗೆಂದು ಬದಿಗಿರಿಸಿದರು. ಯುದ್ಧದಲ್ಲಿ ಭಾಗವಹಿಸದ ಪೇಶವೆಗೆ ಅದು ಷರತ್ತುಗಳುಳ್ಳ ಉಡುಗೊರೆ. ಷರತ್ತುಗಳು ಪುಣೆಗೆ ಒಗ್ಗಲಿಲ್ಲ, ಪೇಶವೆಯು ಬೇಡವೆಂದನು. ಬೇಡವಾದ ಭಾಗವನ್ನು ಉಳಿದಿಬ್ಬರೇ ಹಂಚಿಕೊಂಡಾಗ ಸೋದೆಯು ಕುಂಪಣಿಯ ಕೈಸೇರಿತು. ಬಿಳಗಿಯ ಅರಸುಮನೆತನ ಆಳಿದ ಸಿದ್ದಾಪುರದ ನೆಲವೂ ಆ ವರ್ಷವೇ ಅವರದಾಯಿತು.

ಒಂದು ನಾಡನ್ನು ಒಬ್ಬನಿಗೆ ನೀಡಿ, ಅವನು ತಿರಸ್ಕರಿಸಿದ ಬಳಿಕ ಮತ್ತೊಬ್ಬನು ಎತ್ತಿಕೊಂಡ ಈ ವ್ಯವಹಾರದಲ್ಲಿ ಆ ನಾಡಿನ ಅರಸನ ರುಜುವಾಗಲಿ ಪ್ರಜೆಗಳ ಮಾತಾಗಲಿ ಎಲ್ಲಿದ್ದಿತು? ಸೋದೆಯ ಅರಸನು ಅದಾಗಲೆ ಮೂವತ್ತು ವರ್ಷಗಳಿಗೂ ಹಿಂದೆ ನಾಡನ್ನು ಬಿಟ್ಟಿದ್ದನು. ೧೭೬೩ರಲ್ಲಿ ಬಿದನೂರನ್ನು ಗೆದ್ದ ಹೈದರನ ದಂಡು ಸೋದೆಯ ಮೇಲೆ ಬಂದಾಗ ಇಮ್ಮಡಿ ಸದಾಶಿವನು ಗೋವೆಗೆ ಓಡಿ ಪೋರ್ತುಗೀಜರ ಆಶ್ರಯವನ್ನು ಬೇಡಿದನು. ಆಶ್ರಯವೂ ವರ್ಷಾಶನವೂ ಸಿಕ್ಕಿತು. ಘಟ್ಟದ ಕೆಳಗಿನ ಫೋಂಡಾ, ಕಾಣಕೋಣ ಮುಂತಾದ ಪ್ರಾಂತಗಳು ಮಾತ್ರ ಆಶ್ರಯದಾತನ ಹೊಟ್ಟೆಗೆ ಹೋಗಿ, ಪೋರ್ತುಗೀಜರ ದಫ್ತರದಲ್ಲಿ ‘ಹೊಸ ವಿಜಯ’ಗಳೆಂಬ ಹೆಸರಿನಿಂದ ಸೇರಿಹೋದವು. ಅರಸುಮನೆತನವು ಗೋವೆಯ ಬಾಂದಿವಡೆಯಲ್ಲಿ ನೆಲೆನಿಂತಿತು. ಸೋದೆಯ ಕೋಟೆಯಲ್ಲಿ ಕಾಡು ಬೆಳೆಯಿತು.

ಚೀನದ ಲೀ ಹುಂಗ್‌ಚಾಂಗನು ಮಾಡಿದುದೂ ಇದನ್ನೇ. ಜಪಾನಕ್ಕೆ ಹೆದರಿ ಅವನು ೧೮೯೬ರಲ್ಲಿ ರಶಿಯಾದೊಡನೆ ಗುಪ್ತವಾದ ಮೈತ್ರಿಯನ್ನು ಬೆಳೆಯಿಸಿ, ಮಂಚೂರಿಯಾದಲ್ಲಿ ರೈಲುಹಾದಿ ಹಾಕುವ ಹಕ್ಕನ್ನು ಕೊಟ್ಟನು. ಎರಡು ವರ್ಷಗಳೊಳಗೆ ಆ ಮಿತ್ರನೇ ಪೋರ್ಟ್ ಆರ್ಥರನ್ನು ಗೇಣಿಯ ಹೆಸರಿನಲ್ಲಿ ಕಸಿದುಕೊಂಡನು. ಹುಲಿಗೆ ಹೆದರಿ ಚಿರತೆಯ ಗುಹೆಯನ್ನು ಹೊಕ್ಕರೆ ಫಲವೇನೆಂಬುದು ಮಲೆನಾಡಿನವರಿಗೆ ಬೇರೆ ಹೇಳಬೇಕಾಗಿಲ್ಲ.

ನಮ್ಮ ನೆಲವನ್ನು ನಮ್ಮನ್ನು ಕೇಳದೆ ಕೈ ಬದಲಿಸಿದ ಮತ್ತೊಂದು ಸಂದರ್ಭವು ೧೮೬೨ರದು. ಆ ವರ್ಷ ಉತ್ತರ ಕನ್ನಡವನ್ನು ಮದರಾಸು ಇಲಾಖೆಯಿಂದ ಬಿಡಿಸಿ ಮುಂಬಯಿಗೆ ಕಟ್ಟಿದರು. ಮುಂಬಯಿಯ ಹತ್ತಿಯ ವ್ಯಾಪಾರಿಗಳಿಗೆ ಧಾರವಾಡದ ಹತ್ತಿಯು ಇಳಿಯಲು ಕಾರವಾರದ ಬಂದರು ಬೇಕಾಗಿದ್ದಿತು. ದಕ್ಷಿಣ ಕನ್ನಡದ ಅಣ್ಣತಮ್ಮಂದಿರು ಮದರಾಸಿನಲ್ಲಿಯೇ ಉಳಿದರು. ಒಂದೇ ಜಿಲ್ಲೆಯಾಗಿದ್ದ ಕನ್ನಡ ಕರಾವಳಿಯು ಎರಡು ಇಲಾಖೆಗಳ ನಡುವೆ ಸೀಳಿಹೋಯಿತು. ೧೭೯೯ರಲ್ಲಿ ಖಡ್ಗವು ಮಾಡಿದ್ದನ್ನು ೧೮೬೨ರಲ್ಲಿ ಕಚೇರಿಯ ಕಡತವು ಮಾಡಿತು. ಆ ಸೀಳಿದ ತುಂಡುಗಳು ಒಂದೇ ರಾಜ್ಯದಲ್ಲಿ ಮತ್ತೆ ಕೂಡಿದುದು ೧೯೫೬ರ ನವೆಂಬರ ೧ರಂದು. ಅದಕ್ಕೆ ಮುಂಚೆ ದಶಕಗಳ ಕಾಲ ಕನ್ನಡಿಗರು ಸಭೆ ಕೂಡಿಸಿ ಠರಾವುಗಳನ್ನು ಬರೆದಿದ್ದರು. ರಾಜ್ಯಗಳ ಪುನರ್ವಿಂಗಡಣೆಯ ಆಯೋಗದ ಮುಂದೆ ದೇಶದ ಜನರಿಂದ ಬಂದ ಮನವಿ ಪತ್ರಗಳು ಒಂದೂವರೆ ಲಕ್ಷಕ್ಕೂ ಹೆಚ್ಚು. ಎಲ್ಲರಿಗೂ ಬೇಡಿದುದು ಸಿಕ್ಕಲಿಲ್ಲ. ಕಾಸರಗೋಡಿನ ಕನ್ನಡಿಗರ ನೋವು ನಮಗೆ ತಿಳಿದಿದೆ. ಆದರೂ ನೆಲದ ಮಕ್ಕಳನ್ನು ಕೇಳಿ ಗೆರೆ ಎಳೆಯಬೇಕೆಂಬ ತತ್ವವು ಅಂದು ರಾಜ್ಯಾಡಳಿತದಲ್ಲಿ ಪ್ರವೇಶಿಸಿತು.

ಇಲ್ಲಿಯವರೆಗೆ ಚೀನದ ದೃಢತೆಯನ್ನು ಹೊಗಳಿದೆವು. ಇನ್ನು ಅದರ ಕಲಂಕವನ್ನೂ ಹೇಳದಿದ್ದರೆ ಪತ್ರಿಕಾಧರ್ಮಕ್ಕೆ ಲೋಪವಾಗುವದು. ೧೯೦೪ರಲ್ಲಿ ಇಂಗ್ಲೀಷರ ಯಂಗ್‌ಹಸ್ಬಂಡನು ಸೈನ್ಯದೊಡನೆ ಲಾಸಾವನ್ನು ಹೊಕ್ಕು ಟಿಬೇಟಿನವರಿಂದ ಒಪ್ಪಂದ ಬರೆಯಿಸಿಕೊಂಡನು. ಆಗ ಲಾಸಾದಲ್ಲಿದ್ದ ಚೀನದ ಅಧಿಕಾರಿ ಯೂ ತಾಯ್ ಎಂಬವನು ಆ ಪತ್ರಕ್ಕೆ ರುಜು ಹಾಕಲಿಲ್ಲ. ಪೀಕಿಂಗು ಆ ಒಪ್ಪಂದವನ್ನು ಮಾನ್ಯಮಾಡದೆ ಇಂಗ್ಲೀಷರೊಡನೆ ಎರಡು ವರ್ಷ ವಾದಿಸಿತು. ೧೯೦೬ರ ಏಪ್ರಿಲ ೨೭ರಂದು ಹೊಸ ಒಪ್ಪಂದವಾಯಿತು. ಚೀನದ ಪರವಾಗಿ ರುಜು ಹಾಕಿದವನು ನಾವು ಮೇಲೆ ಹೇಳಿದ ಟಾಂಗ್ ಶಾವೋಯೀ. ಟಿಬೇಟಿನ ಮೇಲೆ ಮೊದಲು ಹೇರಿದ ದಂಡವು ೭೫ ಲಕ್ಷ ರೂಪಾಯಿ. ಅದನ್ನು ೨೫ ಲಕ್ಷಕ್ಕೆ ಇಳಿಸಿದ್ದರು. ಆ ಹಣವನ್ನು ಪೀಕಿಂಗೇ ತೆತ್ತಿತು. ಯಾರ ಸಾಲವನ್ನು ಯಾರು ತೀರಿಸುವರೋ ಮನೆಯ ಯಜಮಾನಿಕೆ ಅವರದೆಂದು ತೋರಿಸುವ ಉಪಾಯವಿದು. ಮರುವರ್ಷದ ಇಂಗ್ಲಂಡ-ರಶಿಯಾ ಒಪ್ಪಂದದಲ್ಲಿ, ಟಿಬೇಟಿನೊಡನೆ ರಾಜಕೀಯ ವ್ಯವಹಾರವನ್ನು ಚೀನದ ಮೂಲಕವೇ ಮಾಡತಕ್ಕದ್ದೆಂದು ಆ ಇಬ್ಬರೂ ಒಪ್ಪಿಕೊಂಡರು.

ಈ ಎರಡು ಪತ್ರಗಳ ಮೇಲೆ ಟಿಬೇಟಿನವರ ರುಜು ಎಲ್ಲಿ? ತನ್ನನ್ನು ಕೇಳದೆ ತನ್ನ ನೆಲದ ಮಾತನ್ನಾಡಬಾರದೆಂದು ೧೯೦೫ರಲ್ಲಿ ಜಗತ್ತಿಗೆ ಸಾರಿದ ಸರಕಾರವು, ಮರುವರ್ಷವೇ ಟಿಬೇಟಿನವರನ್ನು ಕೇಳದೆ ಟಿಬೇಟಿನ ಮಾತನ್ನು ಮುಗಿಸಿತು. ತನಗೆ ಬೇಡಿದ ನ್ಯಾಯವನ್ನು ತನಗಿಂತ ಚಿಕ್ಕವನಿಗೆ ಕೊಡದ ಗುಣವು ಚೀನಕ್ಕೆ ಮಾತ್ರ ಸೇರಿದುದೆಂದು ನಾವು ಹೇಳುವದಿಲ್ಲ. ೧೯೫೪ರ ಏಪ್ರಿಲ ೨೯ರಂದು ಭಾರತ ಚೀನಗಳು ಟಿಬೇಟಿನ ವ್ಯಾಪಾರ ಸಂಚಾರಗಳ ಬಗೆಗೆ ಒಪ್ಪಂದ ಮಾಡಿಕೊಂಡಾಗ ನಾವೂ ಟಿಬೇಟಿನವರನ್ನು ಕೇಳಲಿಲ್ಲ. ಅದರ ಪರಿಣಾಮವನ್ನು ಕಾಣಲು ನಮ್ಮ ತಾಲೂಕುಗಳವರು ಹಿಮಾಲಯಕ್ಕೆ ಹೋಗಬೇಕಾಗಿಲ್ಲ. ನೆರೆಯ ಮುಂಡಗೋಡಕ್ಕೆ ಹೋದರೆ ಸಾಕು. ೧೯೫೯ರಲ್ಲಿ ದಲಾಯಿ ಲಾಮಾ ಅವರು ಲಾಸಾವನ್ನು ಬಿಟ್ಟು ಭಾರತಕ್ಕೆ ಬಂದ ಮೇಲೆ ನಿರಾಶ್ರಿತರಾದವರಿಗಾಗಿ ೧೯೬೬ರಲ್ಲಿ ಅಲ್ಲಿ ವಸತಿಯು ಆರಂಭವಾಯಿತು. ಡ್ರೆಪುಂಗ್, ಗಂಡೆನ್ ಎಂಬ ಟಿಬೇಟಿನ ಮಹಾವಿಹಾರಗಳು ಇಂದು ಉತ್ತರ ಕನ್ನಡದ ಕಾಡಂಚಿನಲ್ಲಿ ನಿಂತಿವೆ. ಪೀಕಿಂಗಿನಲ್ಲಿಯೂ ಪೀಟರ್ಸ್‌ಬರ್ಗಿನಲ್ಲಿಯೂ ರುಜುವಾದ ಕಾಗದಗಳ ಭಾರವನ್ನು ಹೊತ್ತವರು ಶಿರಸಿಯ ಸಂತೆಯಲ್ಲಿ ನಮ್ಮ ಮಗ್ಗುಲಲ್ಲಿಯೇ ತರಕಾರಿ ಕೊಳ್ಳುತ್ತಾರೆ.

ನಮಗೆ ಅಪ್ರಿಯವಾದ ಇನ್ನೊಂದು ಸಂಗತಿಯನ್ನೂ ಇಲ್ಲಿಯೇ ಹೇಳಿಬಿಡುವದು ಲೇಸು. ೧೯೧೩-೧೪ರ ಸಿಮ್ಲಾ ಸಭೆಯಲ್ಲಿ ಚೀನದ ಪ್ರತಿನಿಧಿಯು ಕರಡಿಗೆ ಚಿಕ್ಕ ರುಜು ಹಾಕಿದರೂ ಪೀಕಿಂಗು ಅದನ್ನು ತಳ್ಳಿಹಾಕಿತು. ೧೯೧೪ರ ಜುಲೈಯಲ್ಲಿ ಇಂಗ್ಲೀಷರೂ ಟಿಬೇಟಿನವರೂ ಕೂಡಿ ಬರೆದುಕೊಂಡುದನ್ನು ಮಾನ್ಯಮಾಡುವದಿಲ್ಲವೆಂದು ತಿಳಿಸಿತು. ಮ್ಯಾಕ್‌ಮಹೋನ್ ಗೆರೆಯನ್ನು ಒಪ್ಪದಿರುವದಕ್ಕೆ ಚೀನವು ಇಂದಿಗೂ ಹೇಳುವ ಕಾರಣಗಳಲ್ಲಿ ಅದೊಂದು. ನಾವು ಆ ವಾದವನ್ನು ಒಪ್ಪುವದಿಲ್ಲ. ಅಲ್ಲಿ ಟಿಬೇಟಿನವರ ರುಜುವಿದ್ದಿತೆಂಬುದೇ ನಮ್ಮ ಉತ್ತರದ ಬಲ. ಆದರೆ ಸಕಾಲದಲ್ಲಿ ಬರೆದಿಟ್ಟ ಒಂದು ‘ಒಪ್ಪೆವು’ ಎಂಬ ಮಾತು ಶತಮಾನ ಕಳೆದರೂ ಸಾಯುವದಿಲ್ಲವೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

ಹೀಗಿರುವಲ್ಲಿ ನಾವು ಕಲಿಯತಕ್ಕದ್ದೇನು? ಮೊದಲನೆಯದು, ಮೌನವು ಸಮ್ಮತಿಯೆಂದೇ ಎಣಿಸಲ್ಪಡುತ್ತದೆ. ಆದುದರಿಂದ ಆಕ್ಷೇಪವನ್ನು ಬರಹದಲ್ಲಿ, ಕಾಲ ಮೀರುವದಕ್ಕೆ ಮುಂಚೆ, ಕೊಡಬೇಕು. ಎರಡನೆಯದು, ಆಕ್ಷೇಪಿಸುವವನು ತಾನು ಅವಸರದಲ್ಲಿ ಯಾವ ಕಾಗದಕ್ಕೂ ರುಜು ಹಾಕಿರಬಾರದು. ಮೂರನೆಯದು, ತನಗೆ ಬೇಕೆನ್ನುವ ನ್ಯಾಯವನ್ನು ತನಗಿಂತ ದುರ್ಬಲರಿಗೂ ಸಲ್ಲಿಸಬೇಕು. ಇಲ್ಲವಾದರೆ ಅವನ ಮಾತು ಸ್ವಾರ್ಥದ ಮಾತಾಗುವದು.

ಈ ಮೂರು ಪಾಠಗಳು ನಮ್ಮ ಕಣಿವೆಗಳಿಗೆ ಹೊಸವಲ್ಲ. ಯಲ್ಲಾಪುರದ ಮಾಗೋಡಿನ ಬಳಿ ಬೇಡ್ತಿ ಹೊಳೆಗೆ ಅಣೆಕಟ್ಟು ಕಟ್ಟಿ ವಿದ್ಯುತ್ತು ತೆಗೆಯುವ ಯೋಜನೆಯು ಬಂದಾಗ ತೋಟಿಗರು ಕೇವಲ ಕೂಗಾಡಿ ಸುಮ್ಮನಾಗಲಿಲ್ಲ. ೧೯೨೩ರಲ್ಲಿ ಹುಟ್ಟಿದ ಶಿರಸಿಯ ತೋಟಗಾರ್ಸ್ ಸಹಕಾರಿ ಮಾರಾಟ ಸಂಘವು ತಜ್ಞರನ್ನು ಕರೆಯಿಸಿ, ಮುಳುಗುವ ತೋಟ ಕಾಡುಗಳ ಬೆಲೆಯನ್ನೂ ಬರುವ ವಿದ್ಯುತ್ತಿನ ಬೆಲೆಯನ್ನೂ ತಕ್ಕಡಿಯಲ್ಲಿಟ್ಟು ತೂಗಿಸಿತು. ೧೯೮೧ರಲ್ಲಿ ಶಿರಸಿಯಲ್ಲಿ ವಿಚಾರಸಭೆ ಕೂಡಿತು. ಸರಕಾರದ ಲೆಕ್ಕಕ್ಕೆ ಜನರು ಲೆಕ್ಕದಿಂದಲೇ ಉತ್ತರ ಕೊಟ್ಟರು. ಯೋಜನೆಯು ಬದಿಗೆ ಸರಿಯಿತು. ೧೯೮೩ರ ಸೆಪ್ಟೆಂಬರದಲ್ಲಿ ಶಿರಸಿ ತಾಲೂಕಿನ ಹಳ್ಳಿಗರು ಮರಗಳನ್ನು ಅಪ್ಪಿನಿಂತಾಗಲೂ ಕೇಳಿದುದು ಇದನ್ನೇ: ಗುತ್ತಿಗೆದಾರನೂ ಇಲಾಖೆಯೂ ಬರೆದುಕೊಂಡ ಕರಾರಿನಲ್ಲಿ ಕಾಡಿನ ನೆರಳಿನಲ್ಲಿ ಬದುಕುವವರ ಮಾತೆಲ್ಲಿ?

ಬೇಡ್ತಿಯ ನೀರನ್ನು ವರದೆಗೆ ತಿರುಗಿಸುವ ಮಾತು ಅನೇಕ ವರ್ಷಗಳಿಂದ ದಿಲ್ಲಿ ಬೆಂಗಳೂರುಗಳ ನಡುವೆ ಓಡಾಡುತ್ತಿದೆ. ಇದನ್ನು ಪರಕೀಯರ ಹಂಚಿಕೆಗೆ ಹೋಲಿಸುವದು ಅನ್ಯಾಯವಾದೀತು. ಸರಕಾರಗಳು ನಮ್ಮವೇ, ನಮ್ಮ ಮತದಿಂದ ಕುಳಿತವು. ನೀರು ಬೇಡುವ ಬಯಲುಸೀಮೆಯ ರೈತರೂ ನಮ್ಮವರೇ, ಅವರ ಬಾಯಾರಿಕೆಯು ಸುಳ್ಳಲ್ಲ. ಅದಕ್ಕಾಗಿಯೇ ನಮ್ಮ ಬೇಡಿಕೆಯು ಹೆಚ್ಚು ನ್ಯಾಯವಾದುದು. ಪೀಕಿಂಗಿನ ದರಬಾರು ಪರರಲ್ಲಿ ಬೇಡಿದುದನ್ನು ನಾವು ಸ್ವಕೀಯರಲ್ಲಿ ಹಕ್ಕಿನಿಂದ ಕೇಳಬಲ್ಲೆವು. ಯೋಜನೆಯ ಪೂರ್ಣವರದಿಯು ರುಜುವಿಗೆ ಮುಂಚೆ ಕನ್ನಡದಲ್ಲಿ ಪ್ರಕಟವಾಗಲಿ. ನದಿಯ ಎರಡೂ ದಡದ, ಮೇಲಿನ ಮತ್ತು ಕೆಳಗಿನ ಗ್ರಾಮಸಭೆಗಳ ಮುಂದೆ ಅದನ್ನು ಇಡಲಿ. ಬಂದ ಒಂದೊಂದು ಆಕ್ಷೇಪಕ್ಕೂ ಬರಹದಲ್ಲಿ ಉತ್ತರ ಬರಲಿ. ತೋಟಿಗರಿಗೂ ನಮ್ಮದೊಂದು ಮಾತುಂಟು: ನಮ್ಮ ಆಕ್ಷೇಪವನ್ನು ಬರೆಯುವಾಗ ಹೊಳೆಯ ಕೆಳದಡದ ಬೆಸ್ತರನ್ನೂ, ಕಾಡಿನೊಳಗಿನ ಸಿದ್ದಿ, ಗೌಳಿ, ಕುಣಬಿಯರನ್ನೂ ಕೇಳಿ ಬರೆಯಬೇಕು. ಅವರ ಹೆಸರಿನಲ್ಲಿ ನಾವೇ ರುಜು ಹಾಕಿದರೆ ಟಿಬೇಟಿನ ವಿಷಯದಲ್ಲಿ ಪೀಕಿಂಗು ಮಾಡಿದ ಅನ್ಯಾಯವನ್ನೇ ನಾವೂ ಮಾಡಿದಂತಾಗುವದು.

೧೭೯೯ರಲ್ಲಿ ಸೋದೆಯ ಪ್ರಜೆಗೆ ಓದಲು ಆ ಪತ್ರವು ಸಿಕ್ಕಲಿಲ್ಲ, ಬರೆಯಲು ವಿಳಾಸವಿರಲಿಲ್ಲ. ಇಂದು ನಮಗೆ ಅಕ್ಷರವಿದೆ, ಸಂಘಗಳಿವೆ, ಪತ್ರಿಕೆಗಳಿವೆ, ನ್ಯಾಯಾಲಯವಿದೆ. ಇಷ್ಟಿದ್ದೂ ಕಾಗದವು ರುಜುವಾದ ಮೇಲೆ ಎಚ್ಚೆತ್ತು ಗೊಣಗುವದಾದರೆ ಆ ದೋಷವನ್ನು ದಿಲ್ಲಿಯ ಮೇಲಾಗಲಿ ಬೆಂಗಳೂರಿನ ಮೇಲಾಗಲಿ ಹೊರಿಸಲು ನಮಗೆ ಮುಖವಿರಲಾರದು. ಮೂರೂ ತಾಲೂಕುಗಳ ಪಂಚಾಯತಿಗಳೂ ಸಹಕಾರಿ ಸಂಘಗಳೂ ತಮ್ಮ ತಮ್ಮ ಠರಾವುಗಳನ್ನು ವಿಲಂಬವಿಲ್ಲದೆ ಬರೆದು ಕಳುಹಿಸಿ, ಅವುಗಳ ಪ್ರತಿಯನ್ನು ತಮ್ಮ ದಫ್ತರದಲ್ಲಿ ಜೋಪಾನವಾಗಿ ಇಟ್ಟುಕೊಳ್ಳಲಿ ಎಂದು ನಮ್ಮ ಸೂಚನೆ.